ಚಾರ್ಟಿನ ಸೂರಕ್ಕಿ, ದಾಸವಾಳದ ಸೂರಕ್ಕಿ

ಅಭ್ಯಾಸ ಬೋಧನೆಯ ಎರಡನೇ ವಾರ, ಆರನೇ ತರಗತಿ, ಹಕ್ಕಿಗಳ ಪಾಠ. ರಾತ್ರಿ ಕುಳಿತು ಬಣ್ಣ ತುಂಬಿದ್ದ ಸೂರಕ್ಕಿಯ ಚಾರ್ಟನ್ನು ತೂಗುಹಾಕಿ, ‘ಇದನ್ನು ಎಲ್ಲಿ ನೋಡಿದ್ದೀರಿ?’ ಎಂದು ಕೇಳಿದೆ. ಯಾರೂ ಕೈ ಎತ್ತಲಿಲ್ಲ. ಮೌಲ್ಯಮಾಪನದ ಹಂತದಲ್ಲಿ ಚಿತ್ರ ಬರೆಯಲು ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾಸಲು ಕಂದು ಬೆನ್ನು, ಬಿಳಚಿದ ಗಂಟಲು, ತಿಳಿಹಳದಿ ಹೊಟ್ಟೆಯ ಹಕ್ಕಿಯನ್ನು ಬರೆದಳು. ಕೊಕ್ಕು ಕುಡುಗೋಲಿನಂತೆ ಬಾಗಿತ್ತು. ‘ಬಣ್ಣ ತಪ್ಪು’ ಎಂದು ಕೆಂಪು ಗೆರೆ ಎಳೆದೆ. ‘ನಮ್ಮನೆ ದಾಸವಾಳಕ್ಕೆ ಇದೇ ಬರೋದು ಟೀಚರ್’ ಎಂದಳು. ಅವಳು ಬರೆದದ್ದು ಹೆಣ್ಣು ಸೂರಕ್ಕಿ. ತಪ್ಪು ನನ್ನದೇ. ಮರುದಿನ ಗೆರೆಯ ಪಕ್ಕ ‘ಸರಿ’ ಎಂದು ಬರೆದು ಸಹಿ ಹಾಕಿದೆ.

ನಮ್ಮ ಚಾರ್ಟುಗಳಲ್ಲಿ ಗಂಡು ಹಕ್ಕಿಯೇ ಇರುತ್ತದೆ, ಏಕೆಂದರೆ ಅದು ಚಂದ. (ಸಹಪಾಠಿಯೊಬ್ಬರು ಅಂಟಿಸಿದ್ದು ಸೂರಕ್ಕಿಯೇ ಅಲ್ಲ, ಅಮೆರಿಕ ಖಂಡಗಳಲ್ಲಿ ಮಾತ್ರ ಇರುವ ಹಮ್ಮಿಂಗ್ ಬರ್ಡ್!) ಬಣ್ಣದಿಂದ ಪಾಠ ಆರಂಭಿಸುವುದೇ ತಪ್ಪು ಎಂಬುದು ನನ್ನ ಅಭಿಪ್ರಾಯ. ಸೂರಕ್ಕಿಯ ಬಣ್ಣ ಬೆಳಕಿನ ಆಟ. ಗಂಡಿನ ನೆತ್ತಿಯ ಹಸಿರು, ಗಂಟಲಿನ ನೇರಳೆ ಬಿಸಿಲಿದ್ದರೆ ಮಿಂಚುತ್ತವೆ, ನೆರಳಿಗೆ ಹೋದರೆ ಕಪ್ಪು. ನಮ್ಮ ತೋಟಗಳಿಗೆ ಬರುವ ಇನ್ನೊಂದು ಜಾತಿಯಾದ ನೇರಳೆ ಸೂರಕ್ಕಿಯ ಗಂಡಂತೂ ಸಂತಾನಕಾಲ ಮುಗಿದ ಮೇಲೆ ಆ ಹೊಳಪನ್ನೇ ಕಳಚಿಬಿಡುತ್ತದೆ. ಆಗ ಅದರ ಹಳದಿ ಎದೆಯ ನಡುವೆ ಒಂದು ಕಪ್ಪು ಪಟ್ಟೆ ಮಾತ್ರ ಉಳಿದಿರುತ್ತದೆ.

ಬದಲಾಗದವು ಬೇರೆ ಇವೆ. ಗುಬ್ಬಿಗಿಂತ ಚಿಕ್ಕದು, 10 ಸೆಂಟಿಮೀಟರಿನ ಆಸುಪಾಸು. ತೆಳ್ಳಗೆ ಕೆಳಕ್ಕೆ ಬಾಗಿದ ಕೊಕ್ಕು. ಕೂತಲ್ಲಿ ಕೂರದ ಚಡಪಡಿಕೆ, ಚುಚುಚು ಎಂಬ ಚುರುಕು ದನಿ. ಕೆಲವೊಮ್ಮೆ ಕ್ಷಣಕಾಲ ಗಾಳಿಯಲ್ಲೇ ನಿಂತರೂ ಸಾಮಾನ್ಯವಾಗಿ ಟೊಂಗೆ ಹಿಡಿದು ಕೂತೇ ಮಕರಂದ ಹೀರುತ್ತದೆ. ಗೂಡು ಜೇಡರ ಬಲೆಯ ನೂಲಿನಿಂದ ಹೆಣೆದ ತೂಗುಚೀಲ. ಬಾಗಿಲು ಪಕ್ಕದಲ್ಲಿ, ಅದರ ಮೇಲೊಂದು ಪುಟ್ಟ ಸೂರು. ಇವನ್ನು ಹೇಳಲು ಕಪ್ಪುಹಲಗೆ, ಸೀಮೆಸುಣ್ಣ ಸಾಕು.

ಆದರೆ ವೀಕ್ಷಣಾ ನಮೂನೆಯಲ್ಲಿ ‘ಬೋಧನೋಪಕರಣ’ಕ್ಕೆ ಅಂಕ ಬೀಳುವುದು ಚಾರ್ಟಿಗೆ, ದಾಸವಾಳದ ಗಿಡಕ್ಕಲ್ಲ. ಶಾಲೆಯ ಅಂಗಳದ ಗಿಡವನ್ನೂ ಆ ಕಲಮಿನಲ್ಲಿ ಬರೆಯಲು ನಮಗೆ ಅವಕಾಶ ಬೇಕು. ‘ಮಕ್ಕಳನ್ನು ಹೊರಗೆ ಕರೆದೊಯ್ದಾಗ ಹಕ್ಕಿ ಬರದಿದ್ದರೆ?’ ಎಂದು ಮಾರ್ಗದರ್ಶಕರು ಕೇಳಿದರು. ನ್ಯಾಯವಾದ ಪ್ರಶ್ನೆ. ಬರದಿದ್ದರೆ ಹೂವಿನ ಬುಡ ನೋಡಿಸಬಹುದು. ದೊಡ್ಡ ಹೂಗಳಲ್ಲಿ ಸೂರಕ್ಕಿ ಬಾಯಿಂದ ಇಳಿಯದೆ ಬುಡವನ್ನೇ ಚುಚ್ಚಿ ಮಕರಂದ ಕದಿಯುವುದುಂಟು. ಆ ತೂತು ಯಾರದೆಂದು ಮಕ್ಕಳೇ ವಾದಿಸಲಿ. ನಲವತ್ತು ನಿಮಿಷದ ಅವಧಿಯಲ್ಲಿ ಹತ್ತು ನಿಮಿಷ ಅದಕ್ಕೆ ಕೊಡಬಹುದು.