ಅಪ್ಪ ತೇಲ್ತಾನೆ, ಉಂಗುರ ಮುಳುಗುತ್ತೆ: ಯಾಕೆ ಮಿಸ್?

ಫೆಬ್ರುವರಿ ತಿಂಗಳು. ವಿಜ್ಞಾನ ದಿನಾಚರಣೆಯ ಸುದ್ದಿ ಮಾಡಲು ನಮ್ಮ ಜಿಲ್ಲೆಯ ಒಂದು ಹಳ್ಳಿ ಶಾಲೆಗೆ ಹೋಗಿದ್ದೆವು. ಊರಿನ ಹೆಸರು ಬೇಡ, ಯಾರನ್ನೂ ಕಟಕಟೆಗೆ ನಿಲ್ಲಿಸಲು ನಾವು ಬರೆಯುತ್ತಿಲ್ಲ. ಅತಿಥಿಗಳು ಬರುವುದು ಎಂದಿನಂತೆ ತಡವಾಯಿತು. ಹೊತ್ತು ಕಳೆಯಲು ನಲಿ-ಕಲಿ ಕೊಠಡಿಯ ಬಾಗಿಲ ಹತ್ತಿರ ನಿಂತೆವು.

ಬೋರ್ಡಿನ ಮೇಲೆ ಎರಡು ಸಾಲು ಇತ್ತು. ಭಾರವಾದ ವಸ್ತು ಮುಳುಗುತ್ತದೆ. ಹಗುರವಾದ ವಸ್ತು ತೇಲುತ್ತದೆ. ಮಕ್ಕಳು ತಲೆ ತಗ್ಗಿಸಿ ಬರೆದುಕೊಳ್ಳುತ್ತಿದ್ದವು. ಎರಡನೇ ಕ್ಲಾಸಿನ ಒಬ್ಬ ಹುಡುಗ ಮಾತ್ರ ಪೆನ್ಸಿಲ್ ಕೆಳಗಿಟ್ಟು ಎದ್ದು ನಿಂತ.

‘ಮಿಸ್, ನಮ್ಮಪ್ಪ ಕೆರೇಲಿ ತೇಲ್ತಾನೆ. ಅವನ ಉಂಗುರ ಬಿದ್ದಿದ್ದು ಮುಳುಗೋಯ್ತು. ಅಪ್ಪ ತಾನೇ ಭಾರ?’

ಮಿಸ್ ಒಮ್ಮೆ ನಮ್ಮ ಕಡೆ ನೋಡಿದರು, ಒಮ್ಮೆ ಗೇಟಿನ ಕಡೆ. ‘ಸುಮ್ನೆ ಬರ್ಕೊಳೋ, ಗೆಸ್ಟ್ ಬರೋ ಹೊತ್ತಾಯ್ತು’ ಅಂದರು.

ಹುಡುಗ ಕೂತು ಬರೆದುಕೊಂಡ. ನಮಗೆ ಇವತ್ತಿಗೂ ಚುಚ್ಚುವುದು ಅದೇ. ಬೋರ್ಡಿನ ಮೇಲಿರುವುದು ತಪ್ಪು ಅಂತ ಆ ಮಗುವಿಗೆ ಗೊತ್ತಿತ್ತು. ಕಣ್ಣಾರೆ ಕಂಡಿದ್ದ. ಆದರೂ ಬರೆದುಕೊಂಡ. ಆ ದಿನ ಅವನು ಕಲಿತ ಪಾಠ ಒಂದೇ: ಶಾಲೆಯಲ್ಲಿ ಕಣ್ಣು ನಂಬಬಾರದು, ಬೋರ್ಡು ನಂಬಬೇಕು.

ಆಮೇಲೆ ಅತಿಥಿಗಳು ಬಂದರು. ಸರ್ ಸಿ.ವಿ. ರಾಮನ್ ಫೋಟೋಗೆ ಹಾರ ಹಾಕಿದರು. ಥರ್ಮೋಕೋಲಿನ ಜ್ವಾಲಾಮುಖಿಯಿಂದ ಕೆಂಪು ನೊರೆ ಉಕ್ಕಿತು. ನಾವು ಫೋಟೋ ತೆಗೆದೆವು. ‘ಗಮನ ಸೆಳೆದ ವಿಜ್ಞಾನ ವಸ್ತುಪ್ರದರ್ಶನ’ ಅಂತ ಸುದ್ದಿ ಕಳಿಸಿದೆವು. ಅತಿಥಿಗಳ ಹೆಸರು ಒಂದೂ ಬಿಡದೆ ಬಂತು. ಆ ದಿನ ಶಾಲೆಯಲ್ಲಿ ನಡೆದ ನಿಜವಾದ ವಿಜ್ಞಾನ ಆ ಹುಡುಗನ ಪ್ರಶ್ನೆಯೊಂದೇ ಆಗಿತ್ತು. ಅದು ಸುದ್ದಿಯಲ್ಲಿ ಬರಲಿಲ್ಲ. ಹಾಗಾಗಿ ಈ ಲೇಖನದ ಮೊದಲ ಏಟು ನಮಗೇ ಇರಲಿ.

ಹಾರ ಹಾಕಿಸಿಕೊಂಡ ರಾಮನ್ ಮಾಡಿದ್ದೇನು? 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ವಾಪಸ್ ಬರುವಾಗ ಸಮುದ್ರ ಯಾಕೆ ಇಷ್ಟು ನೀಲಿ ಅಂತ ಕೇಳಿಕೊಂಡರು. ಆಕಾಶದ ಬಣ್ಣ ನೀರಿನಲ್ಲಿ ಕಾಣುತ್ತದೆ, ಅಷ್ಟೇ ಅನ್ನುವ ಉತ್ತರ ಆಗಲೇ ಇತ್ತು. ಅವರು ಅದನ್ನು ಸುಮ್ಮನೆ ಬರೆದುಕೊಳ್ಳಲಿಲ್ಲ, ಪರೀಕ್ಷೆ ಮಾಡಿ ನೋಡಿದರು. ಆ ದಾರಿಯಲ್ಲೇ ನಡೆದು 1928ರ ಫೆಬ್ರುವರಿ 28ಕ್ಕೆ ರಾಮನ್ ಪರಿಣಾಮ ಸಿಕ್ಕಿತು, 1930ರಲ್ಲಿ ನೊಬೆಲ್ ಬಂತು. ಸಮುದ್ರ ಯಾಕೆ ನೀಲಿ ಅನ್ನುವುದು ಎರಡನೇ ಕ್ಲಾಸಿನ ಮಗು ಕೇಳುವ ಪ್ರಶ್ನೆ. ಅಂಥ ಪ್ರಶ್ನೆ ಕೇಳಿದವರ ಫೋಟೋಗೆ ಹಾರ, ಅಂಥದ್ದೇ ಪ್ರಶ್ನೆ ಕೇಳಿದ ಹುಡುಗನಿಗೆ ‘ಸುಮ್ನೆ ಬರ್ಕೊ’. ಇದು ಯಾವ ಸೀಮೆಯ ವಿಜ್ಞಾನ ದಿನ?

ನಾವು ಹೇಳುವುದು ಇಷ್ಟೇ

ಭೌತವಿಜ್ಞಾನ ಒಂದನೇ ಕ್ಲಾಸಿನಿಂದಲೇ ಶುರುವಾಗಬೇಕು. ಪುಸ್ತಕದಿಂದಲ್ಲ, ಕೈಯಿಂದ.

ಭೌತವಿಜ್ಞಾನ ಅಂದ ಕೂಡಲೇ ಹೆದರಬೇಡಿ. ನೀರು, ಗಾಳಿ, ಬೆಳಕು, ನೆರಳು, ಬಿಸಿ, ಸದ್ದು, ಎಳೆಯುವುದು, ತಳ್ಳುವುದು ಇಷ್ಟೇ. ನಮ್ಮ ಹಳ್ಳಿ ಮಗು ಹಾಸಿಗೆಯಿಂದ ಎದ್ದ ಗಳಿಗೆಯಿಂದ ಇದರಲ್ಲೇ ಮುಳುಗಿರುತ್ತದೆ. ಬಾವಿಯ ರಾಟೆ, ಕಲ್ಲು ಮೀಟುವ ಹಾರೆ, ತಕ್ಕಡಿ, ಬುಗುರಿ, ಗಾಳಿಪಟ, ತಣ್ಣೀರಿನ ಮಡಕೆ, ಇಡ್ಲಿ ಪಾತ್ರೆಯ ಮುಚ್ಚಳದಿಂದ ತೊಟ್ಟಿಕ್ಕುವ ಹನಿ. ಪೇಟೆಯ ದೊಡ್ಡ ಶಾಲೆಗಳು ಕಿಟ್ ಕೊಂಡು ತೋರಿಸುವುದೆಲ್ಲ ನಮ್ಮ ಹಿತ್ತಲಲ್ಲೇ ಬಿದ್ದಿದೆ.

ಈಗ ಏನಾಗುತ್ತಿದೆ ನೋಡಿ. ನಮ್ಮ ಸರ್ಕಾರಿ ಶಾಲೆಯಲ್ಲಿ ಐದನೇ ಕ್ಲಾಸಿನವರೆಗೆ ಪರಿಸರ ಅಧ್ಯಯನ. ವಿಜ್ಞಾನ ಅಂತ ಬೇರೆ ವಿಷಯ ಸಿಗುವುದು ಆರರಲ್ಲಿ. ಪರಿಸರ ಅಧ್ಯಯನದ ಮೇಲೆ ನಮಗೆ ಸಿಟ್ಟಿಲ್ಲ. ಮನೆ, ಕುಟುಂಬ, ಗಿಡ, ಪ್ರಾಣಿ, ಹಬ್ಬ ಎಲ್ಲ ಬೇಕು. ಆದರೆ ನಾವು ಸುದ್ದಿಗೆಂದು ಓಡಾಡುವ ಶಾಲೆಗಳಲ್ಲಿ ಕಂಡಿದ್ದು ಇದು: ಹಸುವಿನ ಚಿತ್ರಕ್ಕೆ ಬಣ್ಣ ತುಂಬಿಸುತ್ತಾರೆ, ಬಕೆಟ್ಟಿಗೆ ಯಾರೂ ನೀರು ತುಂಬಿಸುವುದಿಲ್ಲ.

ಮೇಲಿನ ಕ್ಲಾಸುಗಳಿಗೆ ಹೋದಂತೆ ಪದಗಳು ಬಂದು ಬೀಳುತ್ತವೆ. ಘರ್ಷಣೆ, ಸಾಂದ್ರತೆ, ಸನ್ನೆಕೋಲು. ಎತ್ತಿನ ಗಾಡಿಯ ಅಚ್ಚಿಗೆ ಎಣ್ಣೆ ಹಾಕಿದ ಮಗುವಿಗೆ ಅದೇ ಘರ್ಷಣೆಯ ಪಾಠ ಅಂತ ಯಾರೂ ಹೇಳಿರುವುದಿಲ್ಲ. ಅದು ಪದವನ್ನು ಉರು ಹೊಡೆಯುತ್ತದೆ. ಪಿಯುಸಿಗೆ ಬಂದಾಗ ‘ಸೈನ್ಸ್ ನಮ್ಮಂಥೋರಿಗಲ್ಲ’ ಅಂದುಬಿಡುತ್ತದೆ. ಆಗ ನಾವು ಮಗುವಿನ ತಲೆಯನ್ನು ಬೈಯುತ್ತೇವೆ.

ನೆಪಗಳು ಮತ್ತು ಉತ್ತರಗಳು

‘ಅಷ್ಟು ಚಿಕ್ಕ ಮಕ್ಕಳಿಗೆ ಇದೆಲ್ಲ ಅರ್ಥ ಆಗಲ್ಲ’ ಅನ್ನುತ್ತಾರೆ. ನಿಯಮ ಅರ್ಥವಾಗುವುದಿಲ್ಲ, ಸರಿ. ನಿಯಮ ಹೇಳಿ ಅಂದವರಾರು? ಸಾಂದ್ರತೆ ಅನ್ನುವ ಪದ ಎತ್ತಲೇ ಬೇಡಿ. ಒಂದು ಬಕೆಟ್ ನೀರು ಇಡಿ. ಬೆಣಚುಕಲ್ಲು, ತೆಂಗಿನಕಾಯಿ, ಒಣಗಿದ ಕಟ್ಟಿಗೆ, ಮೊಳೆ, ಸ್ಟೀಲ್ ಬಟ್ಟಲು ಕೊಡಿ. ಮೊದಲು ಊಹೆ ಮಾಡಲಿ, ಆಮೇಲೆ ಹಾಕಿ ನೋಡಲಿ, ಕೊನೆಗೆ ಕಂಡಿದ್ದನ್ನು ಹೇಳಲಿ. ಅಂಗೈಯಗಲದ ಕಲ್ಲು ತಳ ಸೇರುತ್ತದೆ, ಅದಕ್ಕಿಂತ ಎಷ್ಟೋ ಭಾರದ ತೆಂಗಿನಕಾಯಿ ತೇಲುತ್ತದೆ. ಮೊಳೆ ಮುಳುಗುತ್ತದೆ, ಮೊಳೆಗಿಂತ ಭಾರದ ಬಟ್ಟಲು ದೋಣಿಯಾಗುತ್ತದೆ. ಬೋರ್ಡಿನ ಮೇಲಿನ ಆ ಎರಡು ಸಾಲು ಹತ್ತು ನಿಮಿಷದಲ್ಲಿ ಅಳಿಸಿಹೋಗುತ್ತವೆ. ಅಳಿಸುವವರು ಮಕ್ಕಳೇ.

‘ಮೊದಲು ಓದು ಬರಹ ಬರಲಿ’ ಅನ್ನುತ್ತಾರೆ. ಬರಲಿ. ಆದರೆ ಬರೆಯಲು ಏನಾದರೂ ಇರಬೇಕಲ್ಲ? ‘ಬಟ್ಟಲು ತೇಲಿತು, ನೀರು ತುಂಬಿದ ಮೇಲೆ ಮುಳುಗಿತು’ ಅಂತ ತಾನೇ ಕಂಡಿದ್ದನ್ನು ಬರೆಯುವ ಮಗುವಿಗೂ, ಬೋರ್ಡು ನೋಡಿ ನಕಲು ಮಾಡುವ ಮಗುವಿಗೂ ಅಜಗಜಾಂತರ. ಐದು ಕಲ್ಲು ಮುಳುಗಿದವು, ಮೂರು ಕಡ್ಡಿ ತೇಲಿದವು ಅಂದರೆ ಲೆಕ್ಕವೂ ಬಂತು.

‘ಟೀಚರ್ ಒಬ್ಬರೇ, ಮೂರು ಕ್ಲಾಸು’ ಅನ್ನುತ್ತಾರೆ. ಇದು ನೆಪವಲ್ಲ, ನಿಜ. ಆ ಮಿಸ್ ಕಾರ್ಯಕ್ರಮ ಮುಗಿದ ಮೇಲೆ ನಮ್ಮ ಹತ್ತಿರ ಬಂದು, ‘ಅವನು ಕೇಳಿದ್ದು ಸರಿ ಸಾರ್, ನನಗೇ ಉತ್ತರ ಹೊಳೀಲಿಲ್ಲ’ ಅಂದರು. ಆ ಪ್ರಾಮಾಣಿಕತೆಗೆ ನಾವು ಕೈ ಮುಗಿಯುತ್ತೇವೆ. ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಆ್ಯಪಿಗೆ ಅಪ್‌ಲೋಡು, ಸಮೀಕ್ಷೆ. ಇಷ್ಟರ ನಡುವೆ ಅವರು ಬಕೆಟ್ ಯಾವಾಗ ತುಂಬಿಸಬೇಕು? ತಪ್ಪು ಟೀಚರದ್ದಲ್ಲ, ಸದ್ದಿಲ್ಲದ ಕ್ಲಾಸೇ ಒಳ್ಳೆ ಕ್ಲಾಸು ಅಂತ ಮಾರ್ಕು ಹಾಕುವ ವ್ಯವಸ್ಥೆಯದ್ದು.

ಆದರೆ ಒಂದು ಮಾತು. ಮೂರು ಕ್ಲಾಸು ಒಟ್ಟಿಗೆ ಕೂರುವ ಕೊಠಡಿಗೆ ಬಕೆಟ್ಟಿಗಿಂತ ಒಳ್ಳೆ ಪಾಠ ಇಲ್ಲ. ಒಂದನೇ ಕ್ಲಾಸಿನವರು ತೇಲಿತೋ ಮುಳುಗಿತೋ ಹೇಳಲಿ. ಎರಡನೆಯವರು ಗುಂಪು ಮಾಡಿ ಇಡಲಿ. ಮೂರನೆಯವರು ಮುಳುಗುವ ಜೇಡಿಮಣ್ಣಿನ ಉಂಡೆಯನ್ನು ತಟ್ಟಿ ಬಟ್ಟಲು ಮಾಡಿ ತೇಲಿಸಲಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಶುರುವಾಗಿದ್ದೇ ಮಕ್ಕಳು ಮಾಡುತ್ತಾ ಕಲಿಯಲಿ ಅಂತ. ಆ ಹೆಸರಿಗೆ ಮರ್ಯಾದೆ ಬರುವುದು ಕಾರ್ಡು ಜೋಡಿಸುವುದರಿಂದ ಮಾತ್ರ ಅಲ್ಲ.

‘ಲ್ಯಾಬ್ ಎಲ್ಲಿದೆ, ದುಡ್ಡೆಲ್ಲಿದೆ’ ಅನ್ನುವವರಿಗೆ ಮಧ್ಯಪ್ರದೇಶದ ಕಥೆ ಹೇಳಬೇಕು. 1972ರಲ್ಲಿ ಹೋಶಂಗಾಬಾದ್ ಜಿಲ್ಲೆಯ 16 ಸರ್ಕಾರಿ ಶಾಲೆಗಳಲ್ಲಿ ಹಳ್ಳಿ ಮಕ್ಕಳು ಪ್ರಯೋಗ ಮಾಡಿಯೇ ವಿಜ್ಞಾನ ಕಲಿಯುವ ಕೆಲಸ ಶುರುವಾಯಿತು. ಆರರಿಂದ ಎಂಟನೇ ಕ್ಲಾಸಿನವರಿಗೆ, ಸಿಕ್ಕ ಸಾಮಾನಿನಲ್ಲಿ. ಐಐಟಿಯಲ್ಲಿ ಓದಿದ ಅರವಿಂದ್ ಗುಪ್ತಾ ಅಲ್ಲಿಗೆ ಹೋಗಿ, ಬೆಂಕಿಕಡ್ಡಿ ಮತ್ತು ಸೈಕಲ್ ವಾಲ್ವ್ ಟ್ಯೂಬಿನ ತುಂಡುಗಳನ್ನು ಜೋಡಿಸಿ ಆಕಾರಗಳನ್ನು ಮಾಡುವುದನ್ನು ತೋರಿಸಿಕೊಟ್ಟರು. ಕಸದಿಂದ ಆಟಿಕೆ ಮಾಡುತ್ತಲೇ ಬದುಕು ಸವೆಸಿದ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಆ ಕಾರ್ಯಕ್ರಮವನ್ನು ಮಾತ್ರ ಅಲ್ಲಿನ ಸರ್ಕಾರ 2002ರಲ್ಲಿ ನಿಲ್ಲಿಸಿತು. ಮೂವತ್ತು ವರ್ಷ ನಡೆದ ಕೆಲಸ. ನಮ್ಮ ಹಳ್ಳಿಗಳಿಗೆ ಇದರಲ್ಲಿ ಎರಡು ಪಾಠ. ದುಡ್ಡಿಲ್ಲದೆ ವಿಜ್ಞಾನ ಕಲಿಸಬಹುದು. ಊರಿನವರು ಬೆನ್ನಿಗೆ ನಿಲ್ಲದಿದ್ದರೆ ಎಂಥ ಒಳ್ಳೆ ಕೆಲಸವನ್ನೂ ಒಂದು ಆದೇಶ ಮುಗಿಸಬಹುದು.

ನೆರಳಿನ ಸುಳ್ಳು

ಇನ್ನೊಂದು ಉದಾಹರಣೆ. ‘ಮಧ್ಯಾಹ್ನ 12 ಗಂಟೆಗೆ ನೆರಳು ಇರುವುದಿಲ್ಲ’ ಅಂತ ನಮಗೆ ಹೇಳಿಕೊಟ್ಟಿದ್ದರು. ನಾವೂ ಡಿಪ್ಲೊಮಾ ಮುಗಿಸುವವರೆಗೆ ನಂಬಿದ್ದೆವು. ಶಾಲೆಯ ಅಂಗಳದಲ್ಲಿ ಒಂದು ಕೋಲು ನೆಟ್ಟಿದ್ದರೆ ಸುಳ್ಳು ಅಂತ ಅವತ್ತೇ ಗೊತ್ತಾಗುತ್ತಿತ್ತು. ಡಿಸೆಂಬರ್ ತಿಂಗಳ ನಡುಹಗಲಲ್ಲಿ ಕೋಲಿನ ನೆರಳು ಉತ್ತರಕ್ಕೆ ಚೆನ್ನಾಗಿಯೇ ಬೀಳುತ್ತದೆ. ನೆರಳು ಪೂರ್ತಿ ಕಾಲಡಿ ಸೇರುವುದು ಕರ್ನಾಟಕದಲ್ಲಿ ವರ್ಷಕ್ಕೆ ಎರಡೇ ದಿನ. ಬೆಂಗಳೂರಿನಲ್ಲಿ ಅದು ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು. ಉತ್ತರಕ್ಕೆ ಹೋದಂತೆ ಏಪ್ರಿಲಿನದು ಮುಂದಕ್ಕೆ, ಆಗಸ್ಟಿನದು ಹಿಂದಕ್ಕೆ ಸರಿಯುತ್ತದೆ. ಏಪ್ರಿಲ್ ಕೊನೆಗೆ ರಜೆ. ಆಗಸ್ಟಿನಲ್ಲಿ ಶಾಲೆ ಇದೆ. ಮೋಡ ಬಿಟ್ಟರೆ ಒಂದು ಕೋಲು, ಒಂದು ಸೀಮೆಸುಣ್ಣ ಸಾಕು. ಖರ್ಚು ಸೊನ್ನೆ.

ಇದು ಬರೀ ಆಟವಲ್ಲ

ಏಪ್ರಿಲ್, ಮೇ ಬಂತೆಂದರೆ ನಮ್ಮಂಥ ಸ್ಟ್ರಿಂಗರುಗಳು ತಪ್ಪದೆ ಕಳಿಸುವ ಒಂದು ಸುದ್ದಿ ಇದೆ. ಸಿಡಿಲು ಬಡಿದು ಸಾವು. ನಾಲ್ಕು ಸಾಲು, ಒಂದು ಪಾಸ್‌ಪೋರ್ಟ್ ಫೋಟೋ. ಬರೆಯುವಾಗ ನಾವು ಎಷ್ಟು ಸಲ ಸೇರಿಸಿದ್ದೇವೆ, ‘ಮಳೆಯಿಂದ ರಕ್ಷಣೆಗಾಗಿ ಮರದಡಿ ನಿಂತಿದ್ದಾಗ’ ಅಂತ. ಇನ್ನೊಂದು ಸುದ್ದಿ, ಒದ್ದೆ ಕೈಯಲ್ಲಿ ಪಂಪ್‌ಸೆಟ್ ಸ್ಟಾರ್ಟರ್ ಮುಟ್ಟಿದ್ದು.

ಎರಡನೇ ಕ್ಲಾಸಿನ ಬಕೆಟ್ ಸಿಡಿಲನ್ನು ತಡೆಯುತ್ತದೆ ಅಂತ ನಾವು ಹೇಳುವುದಿಲ್ಲ. ಆದರೆ ‘ಮರದ ಕೆಳಗೆ ನಿಲ್ಲಬೇಡ, ಒದ್ದೆ ಕೈ ಇಡಬೇಡ’ ಅನ್ನುವ ಬರೀ ಬೇಡಗಳು ಮಳೆ ಬಂದ ಕೂಡಲೇ ಮರೆತುಹೋಗುತ್ತವೆ. ಯಾಕೆ ಅಂತ ಗೊತ್ತಿದ್ದರೆ ನೆನಪಿರುತ್ತದೆ. ಟಾರ್ಚಿನ ಸೆಲ್ಲು, ಚಿಕ್ಕ ಬಲ್ಬು, ಎರಡು ತುಂಡು ವೈರು ಇಟ್ಟುಕೊಂಡು ಮೊಳೆಯ ಮೂಲಕ ಬಲ್ಬು ಹತ್ತುತ್ತದೆ, ಒಣ ಕಡ್ಡಿಯ ಮೂಲಕ ಹತ್ತುವುದಿಲ್ಲ ಅಂತ ನೋಡಿದ ಮಗು ಕರೆಂಟಿಗೂ ದಾರಿ ಬೇಕು ಅಂತ ತಿಳಿಯುತ್ತದೆ. ಸೆಲ್ಲಿನಲ್ಲಿ ಮಾತ್ರ, ಮನೆಯ ಪ್ಲಗ್ಗಿನಲ್ಲಿ ಎಂದಿಗೂ ಅಲ್ಲ ಅನ್ನುವುದೂ ಆ ಪಾಠದ ಭಾಗವೇ. ಪ್ರಶ್ನೆ ಕೇಳುವ ಅಭ್ಯಾಸ ಏಳನೇ ವಯಸ್ಸಿಗೆ ಸತ್ತರೆ ಮೂವತ್ತಕ್ಕೆ ಮತ್ತೆ ಹುಟ್ಟುವುದಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅನ್ನುವ ಗಾದೆಯನ್ನು ಮಕ್ಕಳನ್ನು ಸುಮ್ಮನಾಗಿಸಲು ಬಳಸಿದ್ದು ಸಾಕು.

ಈಗ ನಿಮ್ಮ ಸರದಿ

ಅಪ್ಪ ಅಮ್ಮಂದಿರೇ, ನಿಮಗೂ ಒಂದು ಮಾತು. ಕಾನ್ವೆಂಟಿನ ವ್ಯಾನು ಊರಿಗೆ ಬರುತ್ತದೆ, ಮಗು ಇಂಗ್ಲಿಷಿನಲ್ಲಿ ‘ವಾಟರ್’ ಅನ್ನುತ್ತದೆ, ನೀವು ಫೀಸು ಕಟ್ಟುತ್ತೀರಿ. ಕಟ್ಟಿ, ನಿಮ್ಮಿಷ್ಟ. ಆದರೆ ಆ ವಾಟರಿನಲ್ಲಿ ಮಗು ಒಮ್ಮೆಯಾದರೂ ಕೈ ಅದ್ದಿತೇ ಅಂತ ಕೇಳಿ. ನೋಟ್‌ಬುಕ್ ತುಂಬಿದೆಯಾ ಅಂತ ನೋಡುತ್ತೀರಿ. ‘ಇವತ್ತು ಏನು ಪ್ರಶ್ನೆ ಕೇಳಿದೆ ಕಂದಾ’ ಅಂತ ಯಾವಾಗಲಾದರೂ ಕೇಳಿದ್ದೀರಾ?

ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಮೂರು ಮಾತು ಎತ್ತಿ. ಒಂದು, ಒಂದರಿಂದ ಮೂರನೇ ಕ್ಲಾಸಿಗೆ ವಾರಕ್ಕೆ ಒಂದು ಪೀರಿಯಡ್ ಮಾಡಿ ನೋಡುವುದಕ್ಕೆ ಮೀಸಲಿಡಿ. ಆ ಪೀರಿಯಡ್‌ನಲ್ಲಿ ಸದ್ದಾದರೆ, ನೆಲ ಒದ್ದೆಯಾದರೆ ಯಾರೂ ಟೀಚರನ್ನು ಕೇಳಬಾರದು. ಎರಡು, ಆ ಹೊತ್ತು ಊರಿನಿಂದ ಒಬ್ಬರು ಶಾಲೆಗೆ ಹೋಗಿ ಜೊತೆ ನಿಲ್ಲಿ. ಕಮ್ಮಾರ, ಪಂಪ್ ರಿಪೇರಿ ಮಾಡುವವರು, ಮಡಕೆ ಮಾಡುವ ಅಜ್ಜಿ, ಯಾರಾದರೂ ಸರಿ. ಮೂರು, ವಿಜ್ಞಾನ ದಿನಕ್ಕೆ ಥರ್ಮೋಕೋಲ್ ಬೇಡ. ಮಕ್ಕಳು ವರ್ಷವಿಡೀ ಕೇಳಿದ ಪ್ರಶ್ನೆಗಳನ್ನು ಗೋಡೆಗೆ ಅಂಟಿಸಿ, ಅತಿಥಿಗಳು ಅವುಗಳಿಗೆ ಉತ್ತರ ಹೇಳಲಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಲಿ. ಫೋಟೋ ನಾವು ತೆಗೆಯುತ್ತೇವೆ, ಸುದ್ದಿ ನಾವು ಕಳಿಸುತ್ತೇವೆ. ಈ ಸಲ ಮೊದಲ ಸಾಲಿನಲ್ಲಿ ಪ್ರಶ್ನೆ ಬರುತ್ತದೆ, ಅತಿಥಿಗಳ ಹೆಸರು ಕೊನೆಯಲ್ಲಿ.

ಆ ಹುಡುಗನಿಗೆ ಉತ್ತರ ಬಾಕಿ ಇದೆ. ಬರೀ ಭಾರ ನೋಡಿದರೆ ಆಗುವುದಿಲ್ಲ ಮರಿ. ಉಂಗುರ ಹಿಡಿಯುವಷ್ಟೇ ಜಾಗದ ನೀರನ್ನು ತೂಗಿದರೆ ಉಂಗುರವೇ ಭಾರ. ಅದಕ್ಕೇ ಮುಳುಗಿತು. ನಿಮ್ಮಪ್ಪ ಎದೆ ತುಂಬ ಉಸಿರೆಳೆದುಕೊಂಡು ಮಲಗಿದಾಗ, ಅವನು ಹಿಡಿಯುವಷ್ಟು ಜಾಗದ ನೀರಿಗಿಂತ ಅವನು ಕೊಂಚ ಹಗುರ. ಅದಕ್ಕೇ ತೇಲಿದ. ನಮ್ಮ ಮಾತನ್ನೂ ಸುಮ್ಮನೆ ಬರೆದುಕೊಳ್ಳಬೇಡ. ಕೆರೆಗೆ ಹೋಗಬೇಡ, ಮನೆಯಲ್ಲೇ ಬಕೆಟ್ಟಿಗೆ ನೀರು ತುಂಬಿ ಒಂದೊಂದನ್ನೇ ಹಾಕಿ ನೋಡು. ನಾವು ಹೇಳಿದ್ದು ತಪ್ಪು ಅನ್ನಿಸಿದರೆ ಎದ್ದು ನಿಂತು ಕೇಳು.