ಲೋಪವೆಲ್ಲ ದೋಷವಲ್ಲ

ಹಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು ತನ್ನ ಉತ್ತರಪತ್ರಿಕೆಯಲ್ಲಿ ‘ದಿ ಡಾಕ್ಟರ್ ಸಜೆಸ್ಟೆಡ್ ದಟ್ ಹಿ ಟೇಕ್ ರೆಸ್ಟ್’ ಎಂದು ಬರೆದಿದ್ದನು. ‘ಹಿ’ ಎಂಬ ಕರ್ತೃಪದದ ಮುಂದೆ ಬರಿಯ ‘ಟೇಕ್’ ಇರುವುದನ್ನು ಕಂಡ ನಾನು, ಕೆಂಪು ಶಾಯಿಯಿಂದ ‘ಎಸ್’ ಅಕ್ಷರವನ್ನು ಸೇರಿಸಿ ಒಂದು ಅಂಕವನ್ನು ಕಳೆದೆನು. ತಪ್ಪು ಬಾಲಕನದಾಗಿರಲಿಲ್ಲ, ನನ್ನದಾಗಿತ್ತು. ಆ ಒಂದು ಅಂಕದ ಋಣವನ್ನು ತೀರಿಸಲೆಂದೇ ಈ ಕಿರುಲೇಖನ.

ಕ್ರಿಯೆಯು ನಡೆಯುತ್ತದೆ ಎಂದು ತಿಳಿಸುವುದು ಬೇರೆ, ನಡೆಯಲಿ ಎಂದು ಬಯಸುವುದು ಬೇರೆ. ಕನ್ನಡದಲ್ಲಿ ‘ಹೋಗುತ್ತಾನೆ’, ‘ಹೋಗಲಿ’ ಎಂಬ ರೂಪಗಳೇ ಈ ಭೇದವನ್ನು ಸಾರುತ್ತವೆ. ಎರಡನೆಯದನ್ನು ನಾವು ವಿಧ್ಯರ್ಥವೆಂದು ಕಲಿಸುತ್ತೇವೆ. ಆಂಗ್ಲಭಾಷೆಯಲ್ಲಿ ಇದಕ್ಕೆ ಸಮೀಪವಾದುದು ‘ಸಬ್‌ಜಂಕ್ಟಿವ್’. ಪ್ರಾಚೀನ ಆಂಗ್ಲದಲ್ಲಿ ಇದಕ್ಕೆ ಪ್ರತ್ಯೇಕ ಪ್ರತ್ಯಯಗಳಿದ್ದವು. ಕಾಲಕ್ರಮದಲ್ಲಿ ಅವು ಸವೆದುಹೋಗಿ, ಇಂತಹ ವಾಕ್ಯಗಳಲ್ಲಿ ಇಂದು ಕ್ರಿಯಾಪದದ ಮೂಲರೂಪ ಮಾತ್ರ ಉಳಿದಿದೆ. ಆದುದರಿಂದಲೇ ಪ್ರಥಮಪುರುಷ ಏಕವಚನದಲ್ಲಿ ‘ಎಸ್’ ಬಾರದು; ‘ಈಸ್’ ಇರಬೇಕಾದಲ್ಲಿ ‘ಬಿ’ ಬರುತ್ತದೆ. ಮುಖ್ಯಕ್ರಿಯೆಯು ಭೂತಕಾಲದಲ್ಲಿದ್ದರೂ ಈ ರೂಪವು ಬದಲಾಗದು. ನಿಷೇಧದಲ್ಲಿಯೂ ‘ಡು’ ಎಂಬುದರ ನೆರವಿಲ್ಲದೆ ‘ದಟ್ ಹಿ ನಾಟ್ ಗೋ’ ಎಂದೇ ಹೇಳಬೇಕು.

ಡಿಮಾಂಡ್, ರೆಕಮೆಂಡ್, ಪ್ರೊಪೋಸ್, ರಿಕ್ವೆಸ್ಟ್, ಸಜೆಸ್ಟ್, ಇನ್ಸಿಸ್ಟ್ ಮುಂತಾದ ಕ್ರಿಯಾಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸಿದರೆ ಸಾಕೆಂದು ಕೆಲವರು ಭಾವಿಸುತ್ತಾರೆ. ಅದು ಸಾಲದು. ‘ಇನ್ಸಿಸ್ಟ್ಸ್ ದಟ್ ಹಿ ಟೇಕ್ಸ್ ದಿ ಮೆಡಿಸಿನ್’ ಎಂದರೆ, ರೋಗಿಯು ಔಷಧವನ್ನು ಸೇವಿಸುತ್ತಿದ್ದಾನೆ ಎಂದು ಒತ್ತಿ ಹೇಳಿದಂತಾಗಬಹುದು. ‘ಟೇಕ್’ ಎಂದರೆ, ಸೇವಿಸಲೇಬೇಕೆಂಬ ಒತ್ತಾಯವು ಸ್ಪಷ್ಟವಾಗುತ್ತದೆ. ‘ಸಜೆಸ್ಟ್’ ಎಂಬುದೂ ಹಾಗೆಯೇ: ಸಲಹೆಯಾದರೆ ಮೂಲರೂಪ, ಲಕ್ಷಣವೊಂದು ರೋಗವನ್ನು ಸೂಚಿಸಿದರೆ ಸಾಮಾನ್ಯ ರೂಪ. ಕ್ರಿಯಾಪದವಲ್ಲ, ಅದರ ಅರ್ಥವೇ ಇಲ್ಲಿ ನಿಯಾಮಕ.

ಈ ರೂಪವು ಹಳತಾಯಿತಲ್ಲವೆ ಎಂಬ ಆಕ್ಷೇಪವುಂಟು. 1926ರಲ್ಲಿ ಪ್ರಕಟವಾದ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಫೌಲರ್ ಅವರೂ ಸಬ್‌ಜಂಕ್ಟಿವ್ ಬಹುಮಟ್ಟಿಗೆ ಅಳಿಯುತ್ತಿದೆಯೆಂದೇ ಎಣಿಸಿದ್ದರು. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಇಂತಹ ಕ್ರಿಯಾಪದಗಳ ನಂತರ ಅದು ಅಮೆರಿಕದಲ್ಲಿ ಬಲಗೊಂಡಿತು. ತರುವಾಯ ಬ್ರಿಟನ್ನಿನಲ್ಲಿಯೂ ಅದರ ಬಳಕೆ ಹೆಚ್ಚಿತು. ‘ಶುಡ್’ ಸೇರಿಸಿ ಬರೆಯುವ ರೂಪವೂ ಶುದ್ಧವೇ. ಬ್ರಿಟಿಷರಲ್ಲಿ ಕೆಲವರು ಸಾಮಾನ್ಯ ರೂಪವನ್ನೇ ಬಳಸುವುದೂ ಉಂಟು; ಆದರೆ ಅರ್ಥಸಂದಿಗ್ಧತೆಯು ಹುಟ್ಟುವುದು ಅಲ್ಲಿಯೇ. ಆದಕಾರಣ ಮೊದಲೆರಡು ರೂಪಗಳನ್ನೂ ಕಲಿಸುವುದು, ಯಾವುದನ್ನು ಬರೆದರೂ ಪೂರ್ಣ ಅಂಕವನ್ನು ನೀಡುವುದು ನ್ಯಾಯವೆಂದು ನನ್ನ ಅಭಿಪ್ರಾಯ.

ಅಧ್ಯಾಪಕ ಬಂಧುಗಳೇ, ಕೆಂಪು ಶಾಯಿಯ ಲೇಖನಿಯನ್ನು ಎತ್ತುವ ಮುನ್ನ, ಈ ವಾಕ್ಯವು ತಿಳಿಸುತ್ತಿದೆಯೋ, ಬಯಸುತ್ತಿದೆಯೋ ಎಂದು ಕೇಳಿಕೊಳ್ಳೋಣ. ವಿದ್ಯಾರ್ಥಿಗಳೇ, ‘ಹೋಗುತ್ತಾನೆ’, ‘ಹೋಗಲಿ’ ಎಂಬ ಭೇದವನ್ನು ನಿಮ್ಮ ತಾಯಿ ಎಂದೋ ಕಲಿಸಿದ್ದಾಳೆ. ಅದನ್ನೇ ದೀಪವಾಗಿ ಹಿಡಿದು ಪರಭಾಷೆಯನ್ನು ಪ್ರವೇಶಿಸಿರಿ. ಅಂದು ನನ್ನಿಂದ ಅಂಕ ಕಳೆದುಕೊಂಡ ಆ ಬಾಲಕನು ಎಲ್ಲಿಯೇ ಇರಲಿ, ಈ ಸಾಲುಗಳನ್ನು ಓದುವಂತಾಗಲಿ.