ಅಳತೆಗೋಲೂ ಕಿವಿಮಾತೂ

ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ ಹೆಚ್ಚಿನವು ಮನೆಯವರ ಆರೋಗ್ಯ, ಮಕ್ಕಳ ವಿದ್ಯಾಭ್ಯಾಸ, ಊರಿಗೆ ಹೋಗುವ ರೈಲು ಇವುಗಳನ್ನು ಕುರಿತವು. ಈ ಸಲ ಮಾತ್ರ ದ್ವಾರಕಾದ ಬೇರೆ ಬೇರೆ ಸೆಕ್ಟರುಗಳ ಕೆಲವು ಮನೆಗಳಿಂದ ಒಂದೇ ಬಗೆಯ ಪ್ರಶ್ನೆ ಬಂದಿದೆ. ಹೆಡ್‌ಫೋನು ಕೊಳ್ಳುವಾಗ ಅದರ ಅಳತೆಯ ನಕ್ಷೆಯನ್ನು ನಂಬಬೇಕೆ, ನಮ್ಮ ನಮ್ಮ ಕಿವಿಯನ್ನು ನಂಬಬೇಕೆ? ಕಾಗದ ಬರೆದವರು ಒಬ್ಬರಾದರೂ ಅದರ ಹಿಂದೆ ಇಬ್ಬರು ವಾದಿಸುತ್ತಿರುವುದು ಅಕ್ಷರ ಅಕ್ಷರದಲ್ಲಿಯೂ ಕಾಣುತ್ತದೆ. ಒಂದು ಪಕ್ಷ ಮೊಮ್ಮಗನದು. ಅವನ ಕೈಯಲ್ಲಿ ನಕ್ಷೆಯಿದೆ. ಇನ್ನೊಂದು ಪಕ್ಷ ತಾತನದು. ಅವರ ಬೆನ್ನಿಗೆ ಅರುವತ್ತು ವರ್ಷಗಳ ಸಂಗೀತಶ್ರವಣವಿದೆ. ತೀರ್ಪು ಹೇಳುವ ಭಾರ ನಮ್ಮ ತಲೆಗೆ ಬಂದಿದೆ.

ಹೆಡ್‌ಫೋನು ಷೋಕಿಯ ಸಾಮಾನೆಂದು ತಿಳಿದಿದ್ದ ಕಾಲ ಹೋಯಿತು. ನಮ್ಮ ಸೊಸೈಟಿ ಮನೆಗಳನ್ನೇ ನೋಡಿ. ಒಂದು ಕೋಣೆಯಲ್ಲಿ ಮಗನಿಗೆ ಕಚೇರಿಯ ಸಭೆ, ಇನ್ನೊಂದರಲ್ಲಿ ಮೊಮ್ಮಗಳಿಗೆ ಬೋರ್ಡ್ ಪರೀಕ್ಷೆಯ ಓದು, ಗೋಡೆಯ ಆಚೆಗೆ ನೆರೆಯವರು, ತಲೆಯ ಮೇಲೆ ಪಾಲಂ ನಿಲ್ದಾಣಕ್ಕೆ ಇಳಿಯುವ ವಿಮಾನ. ಇಷ್ಟರ ನಡುವೆ ಸಾಯಂಕಾಲ ಒಂದು ಗಂಟೆ ವೀಣೆಯನ್ನೋ, ಊರಿನ ಯಕ್ಷಗಾನವನ್ನೋ ಕೇಳಬೇಕೆನ್ನುವ ಹಿರಿಯರಿಗೆ ಬೇರೆ ಉಪಾಯವಾದರೂ ಏನಿದೆ? ಆದುದರಿಂದ ಪ್ರಶ್ನೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಮೊದಲು ನಕ್ಷೆಯ ಮಾತು. ಮನುಷ್ಯನ ಕಿವಿಗೆ ಸೆಕೆಂಡಿಗೆ 20ರಿಂದ 20,000 ಕಂಪನಗಳವರೆಗಿನ ನಾದ ಕೇಳಿಸುತ್ತದೆಂದು ಪಠ್ಯಪುಸ್ತಕ ಹೇಳುತ್ತದೆ. ಮೃದಂಗದ ಎಡಗಡೆಯ ಗುಮುಕಿಯಿಂದ ಹಿಡಿದು ತಾಳದ ಕಿಣಿಕಿಣಿಯವರೆಗೆ ಎಲ್ಲವೂ ಈ ಮೇರೆಯೊಳಗೆ ಅಡಗಿದೆ. ಹೆಡ್‌ಫೋನು ಯಾವ ಕಂಪನವನ್ನು ಎಷ್ಟು ಜೋರಾಗಿ ನುಡಿಸುತ್ತದೆಂಬುದನ್ನು ಗೆರೆಯಾಗಿ ಎಳೆದು ತೋರಿಸಿದರೆ ಅದೇ ನಕ್ಷೆ. ತನ್ನದೇ ಬಣ್ಣವನ್ನು ಬಳಿಯದೆ, ಹಾಡಿದವರು ಹಾಡಿದಂತೆ ತಲುಪಿಸುವ ಸಾಧನಕ್ಕೆ ತಟಸ್ಥ ಧ್ವನಿಯುಳ್ಳದ್ದೆಂದು ಹೆಸರು. ಹಾಗಾದರೆ ಗೆರೆ ನೆಟ್ಟಗಿದ್ದರೆ ಸಾಲದೆ ಎಂದು ಯಾರೂ ಕೇಳಬಹುದು. ಸಾಲದು, ತೊಡಕು ಅಲ್ಲಿಯೇ ಇದೆ.

ಎದುರಿಗೆ ಕುಳಿತು ಹಾಡುವವರ ದನಿ ನೆಟ್ಟಗೆ ನಮ್ಮ ಕಿವಿಯ ತಮಟೆಯನ್ನು ತಲುಪುವುದಿಲ್ಲ. ತಲೆ, ಹೆಗಲು, ಹೊರಗಿವಿಯ ಮಡಿಕೆಗಳು, ಕೊನೆಗೆ ಸುಮಾರು 2.5 ಸೆಂಟಿಮೀಟರ್ ಉದ್ದದ ಕಿವಿಯ ಕೊಳವೆ, ಇವೆಲ್ಲ ಸೇರಿ ಆ ದನಿಯನ್ನು ತಿದ್ದುತ್ತವೆ. ಕೊಳಲಿನ ಉದ್ದಕ್ಕೆ ತಕ್ಕ ಸ್ವರವಿರುವಂತೆ ಈ ಕೊಳವೆಗೂ ತನ್ನ ಸ್ವರವುಂಟು. ಸುಮಾರು 3,000 ಕಂಪನಗಳ ಆಸುಪಾಸಿನ ನಾದವನ್ನು ಅದು 10 ಡೆಸಿಬೆಲ್ಲಿಗೂ ಮೀರಿ ಎತ್ತಿಕೊಡುತ್ತದೆ. ಹುಟ್ಟಿದಂದಿನಿಂದ ನಾವು ಕೇಳಿರುವ ಪ್ರತಿಯೊಂದು ಧ್ವನಿಯೂ ಹೀಗೆ ತಿದ್ದುಪಡಿಯಾಗಿಯೇ ಬಂದುದು. ಹೆಡ್‌ಫೋನಾದರೋ ಈ ದಾರಿಯಲ್ಲಿ ಬಹುಭಾಗವನ್ನು ಬಿಟ್ಟು ಕಿವಿಯ ಬಾಗಿಲಲ್ಲೇ ನಿಂತು ನುಡಿಯುತ್ತದೆ. ತಮಟೆಯ ಬಳಿ ಅದರ ಗೆರೆ ನೆಟ್ಟಗಿದ್ದರೆ ನಮಗೆ ಕೇಳುವುದು ಕಂಬಳಿ ಹೊದ್ದ ಸಂಗೀತ. ಬಿಟ್ಟುಹೋದ ತಿದ್ದುಪಡಿಯನ್ನು ಹೆಡ್‌ಫೋನೇ ಮಾಡಿಕೊಡಬೇಕು. ಎಷ್ಟು ಮಾಡಬೇಕೆಂಬುದೇ ವಿವಾದ.

ಈ ವಿವಾದಕ್ಕೆ ವಯಸ್ಸಾಗಿದೆ. ಅಮೆರಿಕದಲ್ಲಿ 1972ರಲ್ಲಿ ಕೆಮಾರ್ ಎಂಬ ಬೊಂಬೆಯನ್ನು ಮಾಡಿದರು; ಅದಕ್ಕೆ ಮನುಷ್ಯರ ಸರಾಸರಿ ಅಳತೆಯ ತಲೆ, ಮುಂಡ, ಕಿವಿ. ಕಿವಿಯ ತಮಟೆ ಇರಬೇಕಾದ ಎಡೆಯಲ್ಲಿ ಮೈಕ್ರೊಫೋನು. ಜರ್ಮನಿಯ ಗುಂಟರ್ ಥೈಲೆ ಎಂಬವರು 1986ರಲ್ಲಿ, ಧ್ವನಿ ಒಂದೇ ದಿಕ್ಕಿನಿಂದ ಬರುವಂತೆ ಎಣಿಸದೆ ಎಲ್ಲ ದಿಕ್ಕುಗಳಿಂದಲೂ ಸಮನಾಗಿ ಬರುವಂತೆ ಎಣಿಸಿ ಹೆಡ್‌ಫೋನನ್ನು ಹೊಂದಿಸಬೇಕೆಂದು ವಾದಿಸಿದರು. ಹಾರ್ಮನ್ ಕಂಪನಿಯ ಷಾನ್ ಆಲಿವ್ ಮತ್ತು ಅವರ ಜತೆಗಾರರು 2013ರಿಂದ ಮುಂದಕ್ಕೆ ಇನ್ನೊಂದು ಹಾದಿ ಹಿಡಿದರು. ಒಳ್ಳೆಯ ಕೋಣೆಯಲ್ಲಿ ಒಳ್ಳೆಯ ಧ್ವನಿವರ್ಧಕವನ್ನು ಇಟ್ಟು, ಬೊಂಬೆಯ ಕಿವಿಯಲ್ಲಿ ಅದರ ಅಳತೆ ತೆಗೆದುಕೊಂಡು, ಆ ಗೆರೆಯನ್ನು ಆರಂಭವಾಗಿ ಇಟ್ಟುಕೊಂಡರು. ಆಮೇಲೆ ಜನರನ್ನು ಕೂರಿಸಿ ಕೇಳಿಸಿದರು. ಕೇಳುವವರಿಗೆ ತಾವು ಕೇಳುತ್ತಿರುವುದು ಯಾವ ಹೆಡ್‌ಫೋನಿನ ಧ್ವನಿಯೆಂಬ ಸುಳಿವು ಸಿಕ್ಕಬಾರದು. ಕಣ್ಣು ಕಟ್ಟಿದರೂ ತಲೆಯ ಮೇಲಿನ ಭಾರದಿಂದ ಗುರುತು ಹತ್ತೀತು. ಆದುದರಿಂದ ಒಂದೇ ಹೆಡ್‌ಫೋನನ್ನು ತೊಡಿಸಿ, ಅದರಲ್ಲಿಯೇ ಬೇರೆ ಬೇರೆ ಹೆಡ್‌ಫೋನುಗಳ ಗೆರೆಯನ್ನು ಅನುಕರಿಸಿ ನುಡಿಸಿದರು. ಹೆಚ್ಚು ಮಂದಿ ಮೆಚ್ಚಿದ ಗೆರೆ ಈಗ ಹಾರ್ಮನ್ ಗೆರೆಯೆಂದು ಹೆಸರಾಗಿದೆ.

ಮೊಮ್ಮಗನ ಕೈಯಲ್ಲಿರುವ ನಕ್ಷೆಯನ್ನು ಸಾಧಾರಣವಾಗಿ ಈ ಬಗೆಯ ಗುರಿಗೆರೆಯೊಂದರ ಪಕ್ಕದಲ್ಲಿಟ್ಟು ತೋರಿಸಿರುತ್ತಾರೆ. ಹಾಗಿದ್ದಮೇಲೆ ಅದನ್ನು ಯಂತ್ರದ ಮಾತೆಂದು ತಾತನು ತಳ್ಳಿಹಾಕುವುದು ನ್ಯಾಯವಲ್ಲ. ಆ ಗುರಿಗೆರೆಯೊಳಗೆ ಕುಳಿತಿರುವುದು ನೂರಾರು ಮಂದಿಯ ಕಿವಿ. ನಕ್ಷೆಗೂ ಕಿವಿಗೂ ಜಗಳವೆಂದು ನಾವು ತಿಳಿದಿರುವುದು ನಿಜವಾಗಿ ಹಲವರ ಕಿವಿಗೂ ಒಬ್ಬರ ಕಿವಿಗೂ ಇರುವ ವ್ಯತ್ಯಾಸ.

ಇನ್ನು, ಒಬ್ಬರ ಕಿವಿಯನ್ನು ಎಷ್ಟು ನಂಬಬಹುದು? ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಎಂದು ಗಾದೆ. ಕಿವಿಗೆ ಈ ಗಾದೆ ಇನ್ನೂ ಹೆಚ್ಚಾಗಿ ಒಪ್ಪುತ್ತದೆ. ಏಕೆಂದರೆ ಕಿವಿ ಕಣ್ಣಿನ ಮಾತನ್ನು ಕೇಳುತ್ತದೆ. ಫ್ಲಾಯ್ಡ್ ಟೂಲ್ ಮತ್ತು ಆಲಿವ್ 1994ರಲ್ಲಿ ಕೆಲವು ಧ್ವನಿವರ್ಧಕಗಳನ್ನು 40 ಜನರಿಗೆ ಕೇಳಿಸಿದರು. ಒಮ್ಮೆ ತೆರೆಯ ಮರೆಯಲ್ಲಿ, ಒಮ್ಮೆ ಕಣ್ಣೆದುರಿಗೆ. ಧ್ವನಿ ಬದಲಾಗಲಿಲ್ಲ, ಕೊಟ್ಟ ಅಂಕಗಳು ಬದಲಾದವು. ದೊಡ್ಡದಾಗಿ, ಅಂದವಾಗಿ ಕಂಡುದಕ್ಕೆ ಕಣ್ಣು ತನ್ನ ಪಾಲಿನ ಅಂಕಗಳನ್ನು ಸೇರಿಸಿತ್ತು. ಬೆಲೆಯ ವಿಷಯವೂ ಹೀಗೆಯೇ. ಯೆರೂನ್ ಬ್ರೀಬಾರ್ಟ್ ಎಂಬವರು 2017ರಲ್ಲಿ 283 ಹೆಡ್‌ಫೋನುಗಳ ಅಳತೆಯನ್ನು ಅವುಗಳ ಬೆಲೆಯೊಡನೆ ಹೋಲಿಸಿ ನೋಡಿದರು. ನಕ್ಷೆಯ ಗೆರೆಗೂ ಬೆಲೆಯ ಚೀಟಿಗೂ ಸಂಬಂಧ ಕಾಣಲಿಲ್ಲ. ನೆಹರೂ ಪ್ಲೇಸಿನಲ್ಲಿ ಜೇಬು ಹಗುರ ಮಾಡಿಕೊಂಡು ಬರುವ ನಮ್ಮ ಬಂಧುಗಳು ಈ ಒಂದು ಸಂಗತಿಯನ್ನು ನೆನಪಿಟ್ಟರೆ ಸಾಕು.

ಹೀಗೆಂದ ಮಾತ್ರಕ್ಕೆ ಮೊಮ್ಮಗನು ಗೆದ್ದೆನೆಂದು ಎದ್ದು ನಿಲ್ಲಬೇಕಾಗಿಲ್ಲ. ನಕ್ಷೆಯ ಬೊಂಬೆ ಕನ್ನಡಕ ಹಾಕುವುದಿಲ್ಲ, ಓಲೆ ಜುಮಕಿ ತೊಡುವುದಿಲ್ಲ, ತುರುಬಿಗೆ ಹೂ ಮುಡಿಯುವುದಿಲ್ಲ. ಕನ್ನಡಕದ ಕಡ್ಡಿಯಿಂದಲೋ ಓಲೆಯಿಂದಲೋ ಹೆಡ್‌ಫೋನಿನ ಮೆತ್ತೆ ಕಿವಿಯ ಸುತ್ತ ಸರಿಯಾಗಿ ಕೂರದೆ ಸಣ್ಣ ಸಂದು ಉಳಿದರೆ ಮಂದ್ರದ ನಾದವೆಲ್ಲ ಅಲ್ಲಿಂದ ಸೋರಿಹೋಗುತ್ತದೆ. ನಕ್ಷೆಯಲ್ಲಿ ತುಂಬಿ ತುಳುಕುವ ಮೃದಂಗ ಅಜ್ಜಿಯ ಕಿವಿಯಲ್ಲಿ ತಗಡಿನ ಡಬ್ಬವಾಗುವುದು ಹೀಗೆ. ಇದರ ಮೇಲೆ, ಒಬ್ಬೊಬ್ಬರ ಕಿವಿಯ ಕೊಳವೆಯ ಆಕಾರ ಒಂದೊಂದು ಬಗೆ. ಸುಮಾರು 10,000 ಕಂಪನಗಳಿಂದ ಮೇಲಕ್ಕೆ ಬೊಂಬೆಯ ಕಿವಿ ನಮ್ಮ ಕಿವಿಯ ಸಲುವಾಗಿ ಸಾಕ್ಷಿ ಹೇಳಲಾರದು.

ರುಚಿಭೇದವೂ ಉಂಟು. ಹಾರ್ಮನ್ನಿನವರೇ 2019ರಲ್ಲಿ ತಿಳಿಸಿದಂತೆ, ಅವರ ಗೆರೆಯನ್ನು ಹಾಗೆಯೇ ಮೆಚ್ಚಿದವರು ನೂರಕ್ಕೆ 64 ಮಂದಿ. 15 ಮಂದಿಗೆ ಮಂದ್ರ ಇನ್ನೂ ಹೆಚ್ಚು ಬೇಕಿತ್ತು. 21 ಮಂದಿಗೆ ಅಷ್ಟು ಬೇಡವಾಗಿತ್ತು. ಸಾರಿಗೆ ಉಪ್ಪು ಎಷ್ಟೆಂದು ಪುಸ್ತಕ ಹೇಳುತ್ತದೆ. ಉಣ್ಣುವವರು ಎಲೆಯ ತುದಿಯಲ್ಲಿ ಒಂದು ಚಿಟಿಕೆ ಇಟ್ಟುಕೊಳ್ಳುವುದನ್ನು ಯಾವ ಪುಸ್ತಕವೂ ತಪ್ಪೆನ್ನುವುದಿಲ್ಲ.

ಅಳತೆಗಿಂತ ಮೊದಲೇ ಕಿವಿ ಸತ್ಯವನ್ನು ಹಿಡಿದ ಉದಾಹರಣೆ ನಮ್ಮ ಮನೆಯಲ್ಲೇ ಇದೆ. ಬಿಗಿದ ತೊಗಲನ್ನು ಬಾರಿಸಿದರೆ ಹುಟ್ಟುವ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಅದರಿಂದ ಸದ್ದು ಬರುತ್ತದೆಯೇ ಹೊರತು ಶ್ರುತಿ ಕೂಡುವುದಿಲ್ಲ. ಮೃದಂಗ ಮಾತ್ರ ಶ್ರುತಿ ಸೇರುತ್ತದೆ. ಇದಕ್ಕೆ ಕಾರಣ ಅದರ ನಡುವೆ ಪದರ ಪದರವಾಗಿ ಹಚ್ಚಿದ ಕರಣೆ ಎಂಬುದನ್ನು ಸಿ. ವಿ. ರಾಮನ್ನರು ಶಿವಕಾಳಿ ಕುಮಾರರೊಡನೆ 1920ರಲ್ಲಿ ಪ್ರಕಟಿಸಿದರು. ತಂಬೂರಿ ವೀಣೆಗಳ ಕುದುರೆಯ ವಿಶೇಷವನ್ನು ಕುರಿತು 1921ರಲ್ಲಿ ಬರೆದರು. ಬೆಂಗಳೂರಿಗೆ ಅವರು ಬಂದುದು ಆಮೇಲೆ, 1933ರಲ್ಲಿ. ಆದರೆ ಕರಣೆ ಹಚ್ಚುವ ಕುಶಲಿಗಳಾಗಲಿ, ತಂಬೂರಿಯ ತಂತಿಯ ಅಡಿಗೆ ನೂಲಿನ ಎಳೆಯನ್ನು ಇಟ್ಟು ಕೂದಲೆಳೆಯಷ್ಟು ಸರಿಸಿ ಜೀವ ಕೂಡಿಸುವ ಗಾಯಕರಾಗಲಿ ಯಾವ ಅಳತೆಗೂ ಕಾದು ಕುಳಿತಿರಲಿಲ್ಲ. ಪಳಗಿದ ಕಿವಿ ಕಂಡುಹಿಡಿದುದಕ್ಕೆ ವಿಜ್ಞಾನ ಕಾರಣವನ್ನು ತಿಳಿಸಿತು. ಕಾರಣ ತಿಳಿದಮೇಲೆ ಅದನ್ನು ಎಲ್ಲರಿಗೂ ಕಲಿಸಬಹುದು. ಅಳತೆಯ ದೊಡ್ಡ ಉಪಕಾರ ಇದೇ.

ಹೀಗೆ ಎರಡು ಪಕ್ಷಗಳಿಗೂ ಪಾಲು ಹಂಚಿ ಮುಗಿಸಬಹುದಾಗಿತ್ತು. ಆದರೆ ನಮ್ಮ ಪರಿಚಯದ ಒಂದು ಮನೆಯ ಸಂಗತಿಯನ್ನು ಹೇಳದಿದ್ದರೆ ಕಾಗದಗಳಿಗೆ ಪೂರ್ತಿ ಉತ್ತರ ಕೊಟ್ಟಂತಾಗುವುದಿಲ್ಲ. ಆ ಮನೆಯ ಹಿರಿಯರಿಗೆ ಮಗ ತಂದುಕೊಟ್ಟ ಹೆಡ್‌ಫೋನು ಮಂಕಾಗಿ ಕೇಳಿಸಿತು. ನಕ್ಷೆ ಚೆನ್ನಾಗಿಯೇ ಇತ್ತು. ಎರಡನೆಯದನ್ನು ತರಿಸಿದರು, ಅದೂ ಮಂಕು. ಮೂರನೆಯದೂ ಹಾಗೆಯೇ. ನಕ್ಷೆ ಸುಳ್ಳೆಂದು ತಂದೆ, ತಂದೆಗೆ ಹಟವೆಂದು ಮಗ. ಇದರ ಜತೆಗೆ ಇನ್ನೊಂದೂ ನಡೆಯುತ್ತಿತ್ತು. ಊಟದ ಹೊತ್ತಿನಲ್ಲಿ ಹಿರಿಯರು ಮಾತು ಕಡಿಮೆ ಮಾಡಿದ್ದರು. ಮೊಮ್ಮಕ್ಕಳು ಏನಾದರೂ ಹೇಳಿದರೆ ನಕ್ಕು ಸುಮ್ಮನಾಗುತ್ತಿದ್ದರು. ಮನೆಯವರು ಅದನ್ನು ಮುನಿಸೆಂದು ತಿಳಿದರು. ಕೊನೆಗೆ ಸೊಸೆಗೆ ಹೊಳೆದು ಕಿವಿಯ ಪರೀಕ್ಷೆ ಮಾಡಿಸಿದಾಗ, ಎರಡು ಕಿವಿಗಳಲ್ಲಿಯೂ ಮೇಲಿನ ಕಂಪನಗಳು ಬಹಳ ತಗ್ಗಿರುವುದು ತಿಳಿಯಿತು. ಸ, ಶ, ಷ ಮೊದಲಾದ ವ್ಯಂಜನಗಳ ಶಕ್ತಿಯೆಲ್ಲ ಆ ಮೇಲಿನ ಭಾಗದಲ್ಲಿಯೇ ಇರುವುದು. ಸ್ವರಾಕ್ಷರಗಳು ಗಟ್ಟಿಯಾಗಿ ಕೇಳಿಸುತ್ತವೆ, ಮಾತು ಬಿಡಿಸಿ ತಿಳಿಯುವುದಿಲ್ಲ. ಅವರು ಮುನಿದಿರಲಿಲ್ಲ, ಮತ್ತೆ ಮತ್ತೆ "ಏನಂದೆ?" ಎಂದು ಕೇಳಲು ಸಂಕೋಚಪಟ್ಟಿದ್ದರು. ಈಗ ಶ್ರವಣಯಂತ್ರ ಬಂದಿದೆ. ಮೊದಲ ಹೆಡ್‌ಫೋನಿನಲ್ಲಿ ಏನೂ ದೋಷವಿರಲಿಲ್ಲ. ತಾತನ ದೂರಿನಲ್ಲಿಯೂ ಸುಳ್ಳಿರಲಿಲ್ಲ.

ಆ ಪರೀಕ್ಷೆಯ ಕಾಗದವೂ ಒಂದು ಗೆರೆಯ ನಕ್ಷೆಯೇ ಎಂಬುದನ್ನು ವಾಚಕರು ಗಮನಿಸಬೇಕು. ಅದರಲ್ಲಿ ಸೊನ್ನೆಯೆಂದು ಬರೆದಿರುವುದು ಎಲ್ಲಿಂದ ಬಂತು? ಕಿವಿಯ ರೋಗವಿಲ್ಲದ ಅನೇಕ ತರುಣ ತರುಣಿಯರನ್ನು ಕೂರಿಸಿ, ಅವರು "ಕೇಳಿಸಿತು" ಎಂದ ಅತಿ ಮೆಲ್ಲನೆಯ ಸದ್ದಿನ ಸರಾಸರಿಯಿಂದ. ಅಲ್ಲಿಯೂ ಅಳತೆಯ ಬುಡದಲ್ಲಿ ಇರುವುದು ಕೇಳಿದವರ ಮಾತು. ಈ ವಿದ್ಯೆಯನ್ನು ಕಲಿಸಲು ನಮ್ಮ ಮೈಸೂರಿನಲ್ಲೇ 1960ರ ದಶಕದಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹುಟ್ಟಿತು. ಕಣ್ಣಿಗೆ ಮಸುಕಾದರೆ ಕೂಡಲೇ ಕನ್ನಡಕದ ಅಂಗಡಿಗೆ ನಡೆಯುವ ನಾವು ಕಿವಿಯನ್ನು ವರ್ಷಾನುಗಟ್ಟಲೆ ಮರೆತುಬಿಡುತ್ತೇವೆ.

ಇನ್ನು ಕೊಳ್ಳುವವರಿಗೆ ನಮ್ಮ ಸಲಹೆ. ನಕ್ಷೆಯನ್ನು ಜರಡಿಯಂತೆ ಬಳಸಿರಿ. ತೀರ ಅಂಕುಡೊಂಕಾದುವು ಉದುರಿಹೋಗಿ ಮೂರು ನಾಲ್ಕು ಉಳಿಯುತ್ತವೆ. ಉಳಿದವನ್ನು ತೊಡುವವರೇ ಕೇಳಲಿ, ದಿನವೂ ಹಾಕುವ ಕನ್ನಡಕ ಓಲೆಗಳೊಡನೆಯೇ ಕೇಳಲಿ. ಬಾಯಿಪಾಠವಾಗಿರುವ ಒಂದು ಕೀರ್ತನೆ, ಒಂದು ಭಾವಗೀತೆ, ಹತ್ತು ನಿಮಿಷದ ವಾರ್ತೆ, ಇಷ್ಟು ಸಾಕು. ಹೋಲಿಸುವಾಗ ಎರಡರ ಸದ್ದನ್ನೂ ಸಮ ಮಾಡಿಕೊಳ್ಳುವುದನ್ನು ಮರೆಯಬಾರದು. ಒಂದಿಷ್ಟು ಜೋರಾಗಿರುವುದೇ ಕಿವಿಗೆ ಒಳ್ಳೆಯದೆಂದು ತೋರುತ್ತದೆ. ಬೆಲೆಯನ್ನು ಆಮೇಲೆ ಹೇಳಿ. ಸ್ವಲ್ಪ ಹೆಚ್ಚುಕಡಿಮೆ ಎನಿಸಿದರೆ ಫೋನಿನ ಈಕ್ವಲೈಜರಿನಲ್ಲಿ ತಿದ್ದಿಕೊಳ್ಳಬಹುದು; ಅದಕ್ಕಾಗಿ ಹೊಸದನ್ನು ತರಬೇಕಾಗಿಲ್ಲ.

ಮೆಟ್ರೊದಲ್ಲಿ ಕೇಳುವ ಮಕ್ಕಳಿಗೆ ಇನ್ನೊಂದು ಮಾತು. ರೈಲಿನ ಗುಡುಗು ಮಂದ್ರದ ನಾದವನ್ನು ನುಂಗಿಬಿಡುವುದರಿಂದ ಅಲ್ಲಿ ಎಂಥ ಹೆಡ್‌ಫೋನಾದರೂ ಸೊರಗಿ ಕೇಳಿಸುತ್ತದೆ, ಕೈ ತಾನಾಗಿಯೇ ಸದ್ದನ್ನು ಏರಿಸುತ್ತದೆ. ಹೊರಗಿನ ಗದ್ದಲವನ್ನು ಅಡಗಿಸುವ ಬಗೆಯದಾದರೆ ಈ ಅಪಾಯ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ 80 ಡೆಸಿಬೆಲ್ ಸದ್ದು ವಾರಕ್ಕೆ 40 ಗಂಟೆಗಳ ಕಾಲ ಸಲ್ಲುತ್ತದೆ. ಪ್ರತಿ 3 ಡೆಸಿಬೆಲ್ ಏರಿದಂತೆಲ್ಲ ಆ ಅವಧಿ ಅರ್ಧವಾಗುತ್ತದೆ. ಮಕ್ಕಳಿಗೆ ಮಿತಿ 75 ಡೆಸಿಬೆಲ್. ಫೋನಿನ ಒಳಗೆ ಈ ಮಿತಿಯನ್ನು ಗೊತ್ತುಮಾಡುವ ಸೌಲಭ್ಯವನ್ನು ತಂದೆತಾಯಿಗಳು ಒಮ್ಮೆ ತೆರೆದು ನೋಡಲಿ.

ಆದುದರಿಂದ ತಾತ ಮೊಮ್ಮಗ ಇಬ್ಬರೂ ಒಂದೇ ಮೇಜಿನ ಬಳಿ ಕುಳಿತುಕೊಳ್ಳಲಿ. ಮೊಮ್ಮಗನು ನಕ್ಷೆಯನ್ನು ವಿವರಿಸಲಿ. ತಾತನು ತನಗೆ ಏನು ಕೇಳಿಸುತ್ತದೆ, ಏನು ಕೇಳಿಸುವುದಿಲ್ಲ ಎಂಬುದನ್ನು ಮರೆಮಾಚದೆ ಹೇಳಲಿ. ಅರುವತ್ತು ದಾಟಿದ ಹಿರಿಯರಿರುವ ಮನೆಗಳಲ್ಲಿ, ಹೆಡ್‌ಫೋನಿಗೆ ದುಡ್ಡು ತೆಗೆದಿರಿಸುವ ಮೊದಲು ಒಂದು ಕಿವಿಯ ಪರೀಕ್ಷೆಗೆ ಬಿಡುವು ಮಾಡಿಕೊಳ್ಳಬೇಕೆಂದು ನಮ್ಮ ವಿನಂತಿ.